ಗುಡ್ಡ ಕುಸಿದರೂ ದುಡಿಮೆ ಕುಸಿಯದಿರಲಿ

ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟುಗಳಲ್ಲಿ. ವಿದ್ಯಾರ್ಥಿಗಳು ಈ ಇಂಚಿನಿಂದಲೇ ಒಂದು ಗಣಿತ ಮಾಡಿ ನೋಡಬಹುದು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಇಂಚು ಎಂದರೆ 25.4 ಮಿ.ಮೀ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಗುಣಿಸಿದರೆ, ಒಂದು ಎಕರೆ ತೋಟದ ಮೇಲೆ ಬೀಳುವ ಒಂದು ಇಂಚು ಮಳೆಯ ತೂಕ ಸುಮಾರು 103 ಟನ್! ಹತ್ತು ಇಂಚು ಸುರಿದರೆ ಸಾವಿರ ಟನ್ನಿಗೂ ಹೆಚ್ಚು.

ಈ ನೀರು ಹರಿದು ಹೋದರೆ ಅಪಾಯವಿಲ್ಲ. ಮಣ್ಣಿನೊಳಗೇ ನಿಂತರೆ ಮಾತ್ರ ತೊಂದರೆ. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದು ನಿಲ್ಲುವುದು ಘರ್ಷಣೆಯಿಂದ. ಕಣಗಳ ನಡುವಿನ ರಂಧ್ರಗಳಲ್ಲಿ ನೀರು ತುಂಬಿ ಒತ್ತಡ ಹೆಚ್ಚಿದಾಗ ಆ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನ ಬುಡವನ್ನು ರಸ್ತೆಗೋ ಕಟ್ಟಡಕ್ಕೋ ಕಡಿದಿದ್ದರೆ ಗುಡ್ಡಕ್ಕೆ ಆಸರೆಯೂ ಇರುವುದಿಲ್ಲ. 2018ರ ಆಗಸ್ಟ್ ಮಧ್ಯಭಾಗದಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹೆಬ್ಬೆಟ್ಟಗೇರಿ ಮುಂತಾದೆಡೆ ಗುಡ್ಡಗಳು ಜಾರಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ತಜ್ಞರೂ ಅತಿಯಾದ ಮಳೆಯ ಜೊತೆಗೆ, ತಕ್ಕ ಆಸರೆಯಿಲ್ಲದೆ ಇಳಿಜಾರು ಕಡಿದುದನ್ನು ಕಾರಣವಾಗಿ ಹೇಳಿದರು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದವು.

ಬಿದ್ದ ಮನೆ, ಮುರಿದ ಸೇತುವೆ ಎಲ್ಲರ ಕಣ್ಣಿಗೂ ಕಾಣುತ್ತವೆ. ಕಾಣದೆ ಕುಸಿಯುವುದು ದುಡಿಮೆ. ಮನೆಯನ್ನು ಒಂದೆರಡು ವರ್ಷಗಳಲ್ಲಿ ಕಟ್ಟಬಹುದು. ಹೊಸದಾಗಿ ನೆಟ್ಟ ಕಾಫಿ ಗಿಡ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಕೊಚ್ಚಿಹೋದ ಮೇಲ್ಮಣ್ಣು ಒಂದು ಇಂಚು ಮತ್ತೆ ಕೂಡಲು ನೂರಾರು ವರ್ಷ! ತೋಟದ ಒಡೆಯನಿಗೆ ಹೋದದ್ದು ಭೂಮಿ. ಲೈನ್ ಮನೆಯಲ್ಲಿದ್ದ ಕೂಲಿಕಾರ್ಮಿಕನಿಗೆ ಹೋದದ್ದು ಚಳಿಗಾಲದ ಹಣ್ಣು ಕೊಯ್ಲಿನ ಸಂಪಾದನೆ. ಪ್ರವಾಸಿಗರು ಬಾರದೆ ಹೋಂಸ್ಟೇ, ಜೀಪು, ಟ್ಯಾಕ್ಸಿಗಳನ್ನು ನಂಬಿದವರ ಒಲೆಯೂ ತಣ್ಣಗಾಯಿತು.

ಪರಿಹಾರದ ನಿಯಮಗಳು ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆಗ ಜಾರಿಯಲ್ಲಿದ್ದ 2015–20ರ ವಿಪತ್ತು ಪರಿಹಾರ ಸೂತ್ರದಂತೆ, ಭೂಕುಸಿತದಲ್ಲಿ ಜಮೀನು ಕಳೆದುಕೊಂಡ ಸಣ್ಣ, ಅತಿಸಣ್ಣ ರೈತನಿಗೆ ಹೆಕ್ಟೇರಿಗೆ 37,500 ರೂಪಾಯಿ. ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದು, ಪರಿಹಾರ ಶಿಬಿರದ ಹೊರಗಿದ್ದ ಕುಟುಂಬಕ್ಕೆ ದಿನಕ್ಕೆ ವಯಸ್ಕರಿಗೆ 60, ಮಕ್ಕಳಿಗೆ 45 ರೂಪಾಯಿ. ಅದೂ ಸೀಮಿತ ಅವಧಿಗೆ. ಈ ಹಣ ಹಸಿವಿಗೆ ತುಸು ಆಸರೆಯಾದೀತು. ಕಸುಬನ್ನು ಮತ್ತೆ ಕಟ್ಟಿಕೊಡಲಾರದು. ಹಾಗಾದರೆ ಕಸುಬನ್ನು ಕಾಯುವುದು ಯಾವಾಗ? ವಿಪತ್ತಿಗೆ ಮೊದಲೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಕೊಡಗಿಗೆ ಈ ಪಾಠ ಹೊಸದೇನಲ್ಲ. 1860ರ ದಶಕದಲ್ಲಿ ಕಾಡನ್ನು ಬೋಳಿಸಿ ಬಿಸಿಲಿನಲ್ಲಿ ಬೆಳೆಸಿದ ಕಾಫಿಯನ್ನು ಕಾಂಡಕೊರಕ ಹುಳು ಹಾಳುಗೆಡವಿತು. ಇದನ್ನು ಅಭ್ಯಸಿಸಿದ ಡಾ. ಜಾರ್ಜ್ ಬಿಡೀ ಅವರ ವರದಿ 1869ರಲ್ಲಿ ಪ್ರಕಟವಾಯಿತು. ಈ ಹುಳುವಿಗೆ ಬಿಸಿಲು ಇಷ್ಟ. ನೆರಳಿದ್ದರೆ ಅದರ ಹಾವಳಿ ಕಡಿಮೆ. ಇಂದು ಕಾಣುವ ನೆರಳಿನ ಕಾಫಿ ತೋಟದ ಹಿಂದೆ ಆ ನಷ್ಟದಿಂದ ಕಲಿತ ಬುದ್ಧಿಯಿದೆ. ನೆರಳಿನ ಮರಕ್ಕೆ ಕಾಳುಮೆಣಸು ಹಬ್ಬಿತು, ನಡುವೆ ಕಿತ್ತಳೆ ಬಂತು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುವ ಏರ್ಪಾಡು ಇದು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ಅಳಿಸಿದಾಗ, ಜೇನಿನ ಜೊತೆಗೆ ಬೇರೆ ಆದಾಯವೂ ಇದ್ದವರು ತಾಳಿಕೊಳ್ಳಬಲ್ಲವರಾಗಿದ್ದರು. ಜೇನನ್ನೇ ನಂಬಿದವರಿಗೆ ಆ ಆಸರೆ ಇರಲಿಲ್ಲ.

ಮಳೆಗಾಲಕ್ಕೆ ಮುನ್ನ ಮಾಡಬೇಕಾದುದು ದೊಡ್ಡ ವಿದ್ಯೆಯಲ್ಲ. ತೋಟದ ಚರಂಡಿಗಳನ್ನು ಬಿಡಿಸಿ ನೀರಿಗೆ ದಾರಿ ಕೊಡಬೇಕು. ಕಡಿದ ದರೆಗೆ ಲಾವಂಚ ನೆಡಬಹುದು. ಅದರ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಆದರೆ ಇಡೀ ಗುಡ್ಡವೇ ಜಾರುವಲ್ಲಿ ಹುಲ್ಲು ತಡೆಯಲಾರದು, ಅಲ್ಲಿಂದ ದೂರವಿರುವುದೇ ಜಾಣತನ. ಗುಡ್ಡದಲ್ಲಿ ಹೊಸ ಬಿರುಕು ಕಂಡರೆ, ತಿಳಿನೀರಿನ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ, ಮರಗಳು ವಾಲಿದರೆ ಕೂಡಲೇ ಜಾಗ ಬಿಡಬೇಕು. ಜೀವವಿದ್ದರೆ ತಾನೇ ಜೀವನೋಪಾಯ?

ಇನ್ನು ಕಾಗದಪತ್ರ. ಜಮ್ಮಾ ಜಾಗದ ಪಹಣಿ ಹಲವೆಡೆ ಹಿಂದಿನ ಪಟ್ಟೇದಾರರ ಹೆಸರಿನಲ್ಲೇ ಇದ್ದುದರಿಂದ ಅನುಭವದಲ್ಲಿದ್ದವರಿಗೆ ಪರಿಹಾರ ಪಡೆಯುವುದು ತೊಡಕಾಯಿತು. ಪಹಣಿ, ಬ್ಯಾಂಕ್ ಪುಸ್ತಕ, ವಿಮೆಯ ರಸೀದಿ, ಮಕ್ಕಳ ಅಂಕಪಟ್ಟಿ ಇವುಗಳ ಪ್ರತಿಗಳು ಬೇರೆ ಊರಿನ ನೆಂಟರ ಮನೆಯಲ್ಲೂ ಡಿಜಿಲಾಕರ್‌ನಲ್ಲೂ ಇರಲಿ. ಕಾರ್ಮಿಕರು ತಮ್ಮ ಹಾಜರಿ, ಕೂಲಿಯ ಲೆಕ್ಕವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅವರಿಗೆ ಇರುವ ಪಹಣಿ ಅದೊಂದೇ.

ವಿಪತ್ತಿನ ನಂತರದ ಮೊದಲ ಮದ್ದು ಕೆಲಸ. ಮಣ್ಣು ತೆಗೆಯುವುದು, ತಡೆಗೋಡೆ, ಚರಂಡಿ, ಸಸಿಮಡಿ ಇವೆಲ್ಲ ಆ ಊರಿನಲ್ಲಿ ಹೇಗೂ ಆಗಬೇಕಾದ ಕೆಲಸಗಳು. ಅವು ಹೊರಗಿನ ಯಂತ್ರ, ಗುತ್ತಿಗೆದಾರರ ಪಾಲಾಗದೆ ಕೆಲಸ ಕಳೆದುಕೊಂಡವರಿಗೇ ಸಿಕ್ಕರೆ ರಸ್ತೆಯೂ ಆಗುತ್ತದೆ, ಒಲೆಯೂ ಉರಿಯುತ್ತದೆ. ಊರು ಬಿಟ್ಟು ಹೋದ ದುಡಿಯುವ ಕೈ ಮರಳಿ ಬರುವುದು ಅಪರೂಪ.

ಪಾಲಕರು ಇನ್ನೊಂದು ಮಾತನ್ನು ಗಮನಿಸಬೇಕು. ತೋಟಕ್ಕೆ ಎರಡನೆಯ ಬೆಳೆ ಇರುವಂತೆ ಮನೆಯ ಮಗನಿಗೂ ಮಗಳಿಗೂ ಎರಡನೆಯ ಕಸುಬೊಂದು ತಿಳಿದಿರಲಿ: ವಿದ್ಯುತ್ ಕೆಲಸ, ಹೊಲಿಗೆ, ಜೇನು ಸಾಕಣೆ, ಲೆಕ್ಕಪತ್ರ, ಯಾವುದಾದರೂ ಸರಿ. ಓದಿಗೆ ಅದು ಅಡ್ಡಿಯಲ್ಲ. ಕಕ್ಕಡ ಮಾಸದ ಜಡಿಮಳೆಗೆ ಮುನ್ನ ಒಣಸೌದೆ ಕೂಡಿಡುವುದನ್ನು ಕೊಡಗಿನ ಹಿರಿಯರು ಮರೆತವರಲ್ಲ. ಕಲಿತ ಕೈಕೆಲಸವೂ ಅಂಥದೇ ದಾಸ್ತಾನು. ಅದನ್ನು ಯಾವ ಮಳೆಯೂ ಕೊಚ್ಚಿಕೊಂಡು ಹೋಗಲಾರದು.