ಮುಳುಗಿಸಿದ ಇಗರ್ಜಿ

ಬೇಲೂರು ಹಳೇಬೀಡುಗಳನ್ನು ನೋಡಲು ಬರುವ ಪ್ರವಾಸಿಗರು ಈಗೀಗ ಶೆಟ್ಟಿಹಳ್ಳಿಗೂ ಹೋಗಿಬರುತ್ತಾರೆ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ, ಬೇಸಗೆಗೆ ಒಣನೆಲದ ಮೇಲೆ ನಿಲ್ಲುವ ಜಪಮಾಲೆ ಮಾತೆಯ ಹಳೆಯ ಇಗರ್ಜಿ ಅಲ್ಲಿದೆ. ಮಾಡಿಲ್ಲದ ಕಮಾನುಗಳ ಚಿತ್ರ ತೆಗೆದುಕೊಂಡು, "ತೇಲುವ ಚರ್ಚು" ಎಂದು ಹೆಸರಿಟ್ಟು ಹೋಗುತ್ತಾರೆ. ಅದು ತೇಲುತ್ತಿಲ್ಲ, ಅದನ್ನು ಮುಳುಗಿಸಲಾಯಿತು ಎಂಬುದನ್ನು ನಾವು ನೆನಪಿಸಬೇಕಾಗಿದೆ.

ಇಗರ್ಜಿಗಳೆಂದರೆ ಬಿಳಿಯ ದೊರೆಗಳ ಸ್ವತ್ತು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಬೆಂಗಳೂರು ದಂಡಿನ ಸೇಂಟ್ ಮಾರ್ಕ್ಸ್ ಚರ್ಚಿನ ಮಟ್ಟಿಗೆ ಅದು ನಿಜ. 1808ರಲ್ಲಿ ಆರಂಭವಾದ ಆ ಆಂಗ್ಲಿಕನ್ ಚರ್ಚು ಕಂಪನಿಯ ದಂಡಿನವರಿಗೆಂದೇ ಎದ್ದದ್ದು. ಹಾಸನ ಸೀಮೆಯ ಕಥೆ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ದಿಕ್ಕೆಟ್ಟ ಕ್ರೈಸ್ತ ಕುಟುಂಬಗಳನ್ನು ಇಲ್ಲಿ ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಸಿಡುಬಿನ ಲಸಿಕೆ ಹರಡಲು ದುಡಿದವರೂ ಅವರೇ. ಶೆಟ್ಟಿಹಳ್ಳಿಯ ಇಗರ್ಜಿಯನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು ಅವರ ಕಾಲಾನಂತರ, 1860ರ ಸುಮಾರಿಗೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ ಎಂದು ಎಲ್ಲರೂ ಬೆರಗಾಗುತ್ತಾರೆ. ಆ ಬೆಲ್ಲ ಯಾರ ಆಲೆಮನೆಯದು, ಮೊಟ್ಟೆ ಯಾರ ಹಟ್ಟಿಯದು ಎಂದು ಕೇಳಿದವರನ್ನು ನಾವು ಕಾಣೆವು.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. 37 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯ ಸುಮಾರು 8,500 ಹೆಕ್ಟೇರು ನೆಲವನ್ನು ನುಂಗಿತು. ಶೆಟ್ಟಿಹಳ್ಳಿಯವರು ಮನೆ, ಗದ್ದೆ, ಗುಡಿ, ಇಗರ್ಜಿ ಎಲ್ಲವನ್ನೂ ಬಿಟ್ಟು ಎದ್ದರು. ಅರಸೀಕೆರೆಯ ತೆಂಗು ಒಣಗುವುದನ್ನು ಕಣ್ಣಾರೆ ಕಂಡ ನಾವು ಅಣೆಕಟ್ಟೇ ಬೇಡವೆನ್ನಲಾರೆವು. ಈ ನೀರು ತುಮಕೂರು, ಮಂಡ್ಯಗಳವರೆಗೆ ಹರಿದು ರೈತನ ಹೊಟ್ಟೆ ತುಂಬಿಸಿದೆ. ಆದರೆ ನೆಲ ಕೊಟ್ಟವನಿಗೆ ಸಿಕ್ಕಿದ್ದೇನು? ಮುಳುಗಡೆಯವರ ಹೆಸರಿನಲ್ಲಿ ಅನರ್ಹರಿಗೆ ಜಮೀನು ಮಂಜೂರಾಯಿತೆಂಬ ದೂರುಗಳೆದ್ದು, ಸರ್ಕಾರವೇ ತನಿಖೆಗಿಳಿಯಬೇಕಾಯಿತು. ಒಮ್ಮೆ ನೀರಿಗಾಗಿ ಕಳೆದುಕೊಂಡವನು ಮತ್ತೊಮ್ಮೆ ಕಡತದಲ್ಲಿ ಕಳೆದುಕೊಂಡ.

ಬೇಲೂರು, ಹಳೇಬೀಡುಗಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷ. ಬೇಲೂರಿನ ಶಿಲ್ಪಿ ಬಳ್ಳಿಗಾವೆಯ ದಾಸೋಜನ ಹೆಸರು ಕಲ್ಲಿನಲ್ಲೇ ಕೊರೆದಿದೆ, ಒಂಬೈನೂರು ವರ್ಷವಾದರೂ ಓದಬಹುದು. ಶೆಟ್ಟಿಹಳ್ಳಿಯಲ್ಲಿ ಗಾರೆ ಕಲಸಿದವರನ್ನು ಹೆಸರಿಡಿದು ಕರೆಯಲು ಈಗ ಸಾಧ್ಯವಿಲ್ಲದಿರಬಹುದು. ನೆಲ ಬಿಟ್ಟುಕೊಟ್ಟವರ ಹೆಸರುಗಳಾದರೋ ಸರ್ಕಾರದ ಬೀರುವಿನಲ್ಲೇ ಇವೆ.

ಜಿಲ್ಲಾಡಳಿತವು ಅವನ್ನು ಹೊರತೆಗೆಯಲಿ. ಯಾವ ಊರಿನ ಯಾರಿಗೆ ಎಷ್ಟು ಎಕರೆ, ಎಷ್ಟು ಗುಂಟೆ ಹೋಯಿತು, ಬದಲಿಗೆ ಎಲ್ಲಿ ಎಷ್ಟು ಸಿಕ್ಕಿತು ಎಂಬ ಪಟ್ಟಿಯನ್ನು ಪಂಚಾಯಿತಿ ಕಚೇರಿಗಳ ಗೋಡೆಗೆ ಅಂಟಿಸಲಿ. ಉಳಿದಿರುವ ಕಮಾನುಗಳಿಗೆ ಆಸರೆ ಕೊಡಿಸಲಿ. ಮುಂದಿನ ಮಳೆಗೆ ಹಿನ್ನೀರು ಏರುವ ಮೊದಲು, ಚಿತ್ರ ತೆಗೆಯುವವರು ನಿಲ್ಲುವ ದಂಡೆಯ ಮೇಲೆ, ಮುಳುಗಿದ ಊರುಗಳ ಹೆಸರು ಕೊರೆದ ಒಂದು ಕಲ್ಲನ್ನು ನೆಡಿಸಲಿ.