ಒಂಟೆತ್ತಿನ ಗಾಡಿ ಮತ್ತು ಟಿವಿ ಪಕ್ಕದ ಕಂಪ್ಯೂಟರ್

ಅಟ್ಟದ ಮೇಲಿನ ಹಳೇ ಕಂಪ್ಯೂಟರ್ ಇಳಿಸಿ, ಧೂಳು ಒರೆಸಿ, ಟಿವಿಗೆ ಕನೆಕ್ಟ್ ಮಾಡಿದ್ರೆ ಹೋಮ್ ಥಿಯೇಟರ್ ರೆಡಿ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ. ಡಿವಿಡಿ ಹಾಕಿದ್ರೆ ಆರಾಮಾಗಿ ಓಡುತ್ತೆ. ಎಚ್‌ಡಿ ಸಿನಿಮಾ ಹಾಕಿ ನೋಡಿ, ಮಾತು ಮುಂದೆ, ತುಟಿ ಹಿಂದೆ! ಪ್ರೊಸೆಸರ್‌ನ ಓವರ್‌ಕ್ಲಾಕ್ ಮಾಡಿಬಿಡೋಣ ಅನ್ನೋ ಆಸೆ ಹುಟ್ಟೋದೇ ಆಗ.

ಮಾಡಬಹುದು. ಆದ್ರೆ ಮೊದಲು ಆ ಕಂಪ್ಯೂಟರ್ ಒಳಗೆ ಏನೇನಿದೆ ನೋಡಿ. ಅಕ್ಕನ ಮದುವೆ ಫೋಟೋ, ಅಜ್ಜಿಯ ವಿಡಿಯೋ ಇಂಥದ್ದೆಲ್ಲ ಬಹಳಷ್ಟು ಮನೆಗಳಲ್ಲಿ ಇರೋದು ಆ ಹಳೇ ಹಾರ್ಡ್ ಡಿಸ್ಕ್‌ನಲ್ಲೇ. ಅದನ್ನ ಬೇರೆ ಕಡೆ ಕಾಪಿ ಮಾಡದೆ ಬಯಾಸ್ ಮುಟ್ಟಬೇಡಿ. ಯಾಕೆ ಅಂತ ಹೇಳ್ತೀನಿ.

ಎಎಂಡಿಯ ಅಥ್ಲಾನ್ 64 3000+ ತಗೊಳ್ಳಿ. 2005ರಲ್ಲಿ ಬಂದ ‘ವೆನಿಸ್’ ಕೋರ್, ಸಾಕೆಟ್ 939. ಹೆಸರಲ್ಲಿ 3000 ಇದ್ದರೂ ಓಡೋದು 1.8 ಗಿಗಾಹರ್ಟ್ಸ್‌ನಲ್ಲಿ. ಮೂಲ ಕ್ಲಾಕ್ 200 ಮೆಗಾಹರ್ಟ್ಸ್, ಅದರ 9 ಪಟ್ಟು. ಆ 9ನ್ನ ಏರಿಸೋಕೆ ಕಂಪನಿ ಬಿಟ್ಟಿಲ್ಲ, ಹಾಗಾಗಿ 200ನ್ನೇ ಏರಿಸಬೇಕು. 250 ಮಾಡಿದ್ರೆ 2.25 ಗಿಗಾಹರ್ಟ್ಸ್. ಅಂದ್ರೆ 25 ಪರ್ಸೆಂಟ್ ವೇಗ ಪುಕ್ಕಟೆ.

ಪುಕ್ಕಟೆ ಅಂತ ಹೇಳಿದ್ದು ಸ್ವಲ್ಪ ಜಾಸ್ತಿಯಾಯ್ತು. ಆ 200ಕ್ಕೆ ಬೇರೆಯವರೂ ಜೋತು ಬಿದ್ದಿದ್ದಾರೆ. ಹೈಪರ್‌ಟ್ರಾನ್ಸ್‌ಪೋರ್ಟ್ ಅದರ 5 ಪಟ್ಟು ಓಡುತ್ತೆ, ಅದನ್ನ 4ಕ್ಕೆ ಇಳಿಸಬೇಕು. ರ‍್ಯಾಮನ್ನ ಡಿಡಿಆರ್ 400ರಿಂದ 333ಕ್ಕೆ ಇಟ್ಟರೆ ಲೆಕ್ಕ ಸುತ್ತಿ ಬಂದು ಹೆಚ್ಚುಕಮ್ಮಿ ಹಳೇ ವೇಗದಲ್ಲೇ ನಿಲ್ಲುತ್ತೆ. ಇವೆರಡೂ ಸುಲಭ. ಮೂರನೆಯದು ಪಿಸಿಐ ಬಸ್, 33 ಮೆಗಾಹರ್ಟ್ಸ್‌ನದು. ಎನ್‌ಫೋರ್ಸ್ 4 ಮದರ್‌ಬೋರ್ಡ್‌ಗಳಲ್ಲಿ ಇದನ್ನ ಲಾಕ್ ಮಾಡಬಹುದು. ಲಾಕ್ ಇಲ್ಲದ ಹಳೇ ಬೋರ್ಡ್ ಆದ್ರೆ ಪ್ರೊಸೆಸರ್ ಜೊತೆ ಇದೂ ಎದ್ದು 41 ದಾಟುತ್ತೆ. ಹಾರ್ಡ್ ಡಿಸ್ಕ್ ಕಂಟ್ರೋಲರ್ ಕೂತಿರೋದು ಆ ದಾರಿಯಲ್ಲೇ ಆದ್ರೆ ಫೈಲ್‌ಗಳು ಸದ್ದಿಲ್ಲದೆ ಕೆಡಬಹುದು. ಪರದೆ ಮೇಲೆ ಒಂದು ಎರರ್ ಕೂಡ ಬರಲ್ಲ. ಆರು ತಿಂಗಳಾದ ಮೇಲೆ ಫೋಟೋ ತೆಗೆದರೆ ಅರ್ಧ ಮುಖ, ಅರ್ಧ ಬೂದು ಪಟ್ಟಿ!

ಇನ್ನು ಬಿಸಿ. ವೇಗ ತಡೆಯದಿದ್ದಾಗ ವೋಲ್ಟೇಜ್ ಏರಿಸೋದು ರೂಢಿ. ಆದ್ರೆ ಚಿಪ್ ತಿನ್ನೋ ಕರೆಂಟು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. 1.4ರಿಂದ 1.5 ವೋಲ್ಟ್‌ಗೆ ಹೋದ್ರೆ, ಆ 25 ಪರ್ಸೆಂಟ್ ವೇಗಕ್ಕೆ ಬಿಸಿ ಸುಮಾರು 43 ಪರ್ಸೆಂಟ್ ಜಾಸ್ತಿ. ಫ್ಯಾನ್ ಕಿರುಚೋಕೆ ಶುರು. ಆಫೀಸ್ ಟೇಬಲ್ ಕೆಳಗಾದ್ರೆ ಸರಿ, ಸಿನಿಮಾ ನೋಡೋ ಜಾಗದಲ್ಲಿ ಯಾರಿಗೆ ಬೇಕು? ಅದಕ್ಕೇ ನನ್ನ ಮಟ್ಟಿಗೆ ವೋಲ್ಟೇಜ್ ಮುಟ್ಟದೆ ಎಷ್ಟು ಸಿಗುತ್ತೋ ಅಷ್ಟೇ ಸಾಕು. ಒಗ್ಗರಣೆ ಜಿಡ್ಡು ಹಿಡಿದ ಹೀಟ್‌ಸಿಂಕ್ ಕ್ಲೀನ್ ಮಾಡಿ ಹೊಸ ಥರ್ಮಲ್ ಪೇಸ್ಟ್ ಹಚ್ಚಿದ್ರೇನೇ ಎಷ್ಟೋ ಗೆದ್ದ ಹಾಗೆ.

ಇಷ್ಟೆಲ್ಲ ಮಾಡಿದ ಮೇಲೆ? 720ಪಿ ಫೈಲ್ ತಡವರಿಸ್ತಾ ಇದ್ದದ್ದು ಸರಾಗ ಆಗಬಹುದು. ಬ್ಲೂ-ರೇ ಮಟ್ಟದ 1080ಪಿ ಮಾತ್ರ ಆಗಲ್ಲ. ಎಚ್.264 ಬಿಡಿಸೋ ಕೆಲಸ ಅಷ್ಟು ಭಾರ. ಒಂಟೆತ್ತಿನ ಗಾಡಿಗೆ ಲಾರಿ ಲೋಡ್ ಹೇರಿ ಎತ್ತಿಗೆ ಒಂದು ಹಿಡಿ ಹಿಂಡಿ ಜಾಸ್ತಿ ಹಾಕಿದ ಹಾಗೆ.

ಆ ಭಾರಾನ ಗ್ರಾಫಿಕ್ಸ್ ಕಾರ್ಡ್‌ಗೆ ದಾಟಿಸಿ. ಜೀಫೋರ್ಸ್ 8400 ಜಿಎಸ್, ರೇಡಿಯಾನ್ ಎಚ್‌ಡಿ 3450 ಥರದ ಸಣ್ಣ ಕಾರ್ಡ್‌ಗಳಲ್ಲಿ ಎಚ್.264 ಬಿಡಿಸೋಕೇ ಬೇರೆ ಸರ್ಕ್ಯೂಟ್ ಇದೆ. ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೇಳಿ ನೋಡಿ, ಫ್ಯಾನ್ ಇಲ್ಲದ್ದು ಸಿಕ್ಕರೆ ಇನ್ನೂ ಒಳ್ಳೇದು. ನಿಮ್ಮ ಬೋರ್ಡಲ್ಲಿರೋದು ಎಜಿಪಿಯೋ ಪಿಸಿಐ ಎಕ್ಸ್‌ಪ್ರೆಸ್ಸೋ ಅಂತ ನೋಡ್ಕೊಂಡು ಹೋಗಿ. ಪ್ಲೇಯರ್‌ನಲ್ಲಿ ಡಿಎಕ್ಸ್‌ವಿಎ ಆನ್ ಮಾಡಿ. ಆಮೇಲೆ 1.8 ಗಿಗಾಹರ್ಟ್ಸ್‌ನಲ್ಲೇ ಸಿನಿಮಾ ಓಡುತ್ತೆ. ಈಗಿನ ಎಚ್‌ಇವಿಸಿ ಫೈಲ್‌ಗಳು ಮಾತ್ರ ಈ ಕಾರ್ಡ್‌ಗಳಿಗೂ ಅರ್ಥ ಆಗಲ್ಲ.

ಆದ್ರೂ ಕೈ ಕಡೀತಿದೆ ಅಂದ್ರೆ, ಮನೆ ಫೋಟೋ ಇರೋ ಡಿಸ್ಕ್ ಬಿಚ್ಚಿಟ್ಟು, ಬೇಡದ ಡಿಸ್ಕ್ ಒಂದನ್ನ ಹಾಕಿ. ಕ್ಲಾಕನ್ನ 5 ಮೆಗಾಹರ್ಟ್ಸ್‌ನಂತೆ ಏರಿಸ್ತಾ ಹೋಗಿ. ಕೊನೆಗೆ ನಿಂತ ಕಡೆ ಒಂದು ರಾತ್ರಿ ಮೆಮ್‌ಟೆಸ್ಟ್, ಮಾರನೇ ದಿನ ಪ್ರೈಮ್95 ಓಡಿಸಿ. ಒಂದೇ ಒಂದು ಎರರ್ ಬಂದ್ರೂ ಒಂದು ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಟೆಸ್ಟ್ ಮಾಡಿ. ಮದುವೆ ಫೋಟೋಗಳ ಡಿಸ್ಕ್ ವಾಪಸ್ ಸೇರೋದು ಅದಾದ ಮೇಲೆ.