ದತ್ತು ಆದೇಶದಲ್ಲಿ ಕಾಣೆಯಾಗುವ ಒಡಹುಟ್ಟಿದವರು

2024–25ನೇ ಸಾಲಿನಲ್ಲಿ ದೇಶದಲ್ಲಿ 4,515 ಮಕ್ಕಳು ದತ್ತು ಹೋದರು. ಒಂದು ದಶಕದಲ್ಲಿ ಇದೇ ಅತಿ ಹೆಚ್ಚಿನ ಸಂಖ್ಯೆ. ಇವರಲ್ಲಿ 4,155 ಮಕ್ಕಳಿಗೆ ದೇಶದೊಳಗೇ ಮನೆ ಸಿಕ್ಕಿತು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಈ ಅಂಕಿಅಂಶಗಳನ್ನು ಸಮಾಧಾನದಿಂದ ಪ್ರಕಟಿಸಿದ್ದು ಸಹಜವೇ. ಆದರೆ ಈ ಮಕ್ಕಳಲ್ಲಿ ಎಷ್ಟು ಮಂದಿಗೆ ಅಕ್ಕನೋ ತಮ್ಮನೋ ಇದ್ದರು, ಅವರು ಈಗ ಎಲ್ಲಿದ್ದಾರೆ ಎಂಬುದು ಇಂತಹ ಲೆಕ್ಕದೊಳಗೆ ಬರುವುದಿಲ್ಲ.

ಈ ಪ್ರಶ್ನೆ ನನ್ನನ್ನು ಕಾಡಲು ಒಂದು ಕಾರಣವಿದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೇವೆಯಲ್ಲಿದ್ದ ಜಿಲ್ಲೆಯೊಂದರ ಬಾಲಮಂದಿರದಿಂದ ಹದಿಮೂರು ವರ್ಷದ ಬಾಲಕಿಯೊಬ್ಬಳ ಅರ್ಜಿ ನನ್ನ ಮೇಜಿಗೆ ಬಂದಿತ್ತು. ಎರಡು ವರ್ಷದ ಆಕೆಯ ತಮ್ಮನನ್ನು ಬೇರೊಂದು ಸಂಸ್ಥೆಯ ಮೂಲಕ ಹೊರರಾಜ್ಯದ ದಂಪತಿ ದತ್ತು ಪಡೆದಿದ್ದರು. ಆತ ಎಲ್ಲಿದ್ದಾನೆ ಎಂಬುದಷ್ಟೇ ಆಕೆಯ ಪ್ರಶ್ನೆ. ‘ಮಾಹಿತಿ ನೀಡಲು ನಿಯಮದಲ್ಲಿ ಅವಕಾಶವಿರುವುದಿಲ್ಲ, ಕಡತ ಮುಕ್ತಾಯಗೊಳಿಸಿ’ ಎಂದು ಷರಾ ಬರೆದು ಸಹಿ ಹಾಕಿದೆ. ಕಾನೂನಿನ ದೃಷ್ಟಿಯಲ್ಲಿ ಆ ಉತ್ತರ ಸರಿಯಾಗಿತ್ತು. ಇಂದು ಅಂಥದೇ ಅರ್ಜಿ ಬಂದರೂ ಅಧಿಕಾರಿ ಬರೆಯಬೇಕಾದದ್ದು ಬಹುಮಟ್ಟಿಗೆ ಅದೇ ಷರಾ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 12ನೇ ಕಲಮಿನ ಪ್ರಕಾರ ದತ್ತು ಆದ ದಿನದಿಂದ ಮಗುವಿಗೂ ಹುಟ್ಟಿದ ಕುಟುಂಬಕ್ಕೂ ಇರುವ ಎಲ್ಲ ಸಂಬಂಧ ಕಡಿದುಹೋಗುತ್ತದೆ. ಆದರೂ ಹುಟ್ಟಿದ ಮನೆಯಲ್ಲೇ ಉಳಿದಿದ್ದರೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ ಅವರನ್ನು ದತ್ತು ಹೋದ ಮೇಲೂ ಮದುವೆಯಾಗುವಂತಿಲ್ಲ ಎಂಬ ಪರಂತುಕ ಅದೇ ಕಲಮಿನಲ್ಲಿದೆ. ಎಂದರೆ ರಕ್ತಸಂಬಂಧ ಅಳಿಸಿಹೋಗದು ಎಂಬುದು ಶಾಸಕರಿಗೆ ಗೊತ್ತಿತ್ತು. ಆ ಸಂಬಂಧವನ್ನು ಅವರು ನಿಷೇಧಕ್ಕೆ ಮಾತ್ರ ಉಳಿಸಿಕೊಂಡರು, ಪ್ರೀತಿಗೆ ಉಳಿಸಲಿಲ್ಲ. ತನ್ನ ತಂಗಿ ಯಾರೆಂದೇ ತಿಳಿಯದ ಹುಡುಗ ಈ ನಿಷೇಧವನ್ನು ಪಾಲಿಸುವುದು ಹೇಗೆ ಎಂಬುದಕ್ಕೂ ಕಾಯ್ದೆಯಲ್ಲಿ ಉತ್ತರವಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 63ನೇ ಕಲಮೂ ಹುಟ್ಟಿದ ಕುಟುಂಬದ ಸಂಬಂಧವನ್ನು ಇದೇ ರೀತಿ ಕೊನೆಗೊಳಿಸುತ್ತದೆ.

ಹೊಸ ಮನೆಯ ಅಣ್ಣ-ತಮ್ಮಂದಿರ ವಿಷಯದಲ್ಲೂ ನಮ್ಮ ಕಾನೂನು ಉದಾರವಾಗಿರಲಿಲ್ಲ. 1956ರ ಕಾಯ್ದೆಯಂತೆ ಮಗನಿರುವವರು ಮತ್ತೊಬ್ಬ ಮಗನನ್ನು, ಮಗಳಿರುವವರು ಮತ್ತೊಬ್ಬ ಮಗಳನ್ನು ದತ್ತು ಪಡೆಯುವಂತಿಲ್ಲ. ಪಿಂಡಕ್ಕೂ ಆಸ್ತಿಗೂ ಒಬ್ಬ ಮಗ ಸಾಕೆಂಬ ಹಳೆಯ ಎಣಿಕೆ ಇದರ ಹಿಂದಿದೆ. ದತ್ತು ಮಗು ಇಲ್ಲದವನ ಸ್ಥಾನ ತುಂಬಬೇಕಾದ ಮಗುವೇ ಹೊರತು ಇರುವವನಿಗೆ ಜೊತೆಯಲ್ಲ. ಬಾಲನ್ಯಾಯ ಕಾಯ್ದೆ ಬಂದ ಮೇಲೆ ಈ ಅಡ್ಡಗೋಡೆ ಸಡಿಲಗೊಂಡಿತು. ಸ್ವಂತ ಮಗಳಿದ್ದ ದಂಪತಿ ಇನ್ನೊಬ್ಬ ಹೆಣ್ಣುಮಗುವನ್ನು ದತ್ತು ಪಡೆದುದನ್ನು ಬಾಂಬೆ ಹೈಕೋರ್ಟ್ 2009ರಲ್ಲಿ ಈ ಕಾಯ್ದೆಯಡಿ ಎತ್ತಿಹಿಡಿದದ್ದು ಗಮನಾರ್ಹ.

ಈ ಚರ್ಚೆಗೆ ಇನ್ನೊಂದು ಮುಖವೂ ಇದೆ. ದತ್ತು ಮಗುವಿನ ಮೂಲ ಸಂಸ್ಕೃತಿಯ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ವಿದೇಶಕ್ಕೆ ಹೋದ ಮಕ್ಕಳು. ಅಮೆರಿಕದ ದಂಪತಿಗಳು ತಮ್ಮ ಭಾರತೀಯ ಅಥವಾ ಕೊರಿಯಾದ ಮಕ್ಕಳನ್ನು ಬೇಸಿಗೆಯ ಸಂಸ್ಕೃತಿ ಶಿಬಿರಗಳಿಗೆ ಕರೆದೊಯ್ಯುತ್ತಾರೆ. ಅಲ್ಲಿ ನೃತ್ಯವುಂಟು, ಊಟವುಂಟು. ಅವರ ಶ್ರದ್ಧೆಯನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ರಾಯಚೂರು ಸೀಮೆಯ ಐದು ವರ್ಷದ ಮಗುವೊಂದು ದೆಹಲಿಯ ಹಿಂದಿ ಮನೆಗೋ ಕೇರಳದ ಮಲಯಾಳಂ ಮನೆಗೋ ಹೋದಾಗ ಆಗುವುದೇನು? ಹೆಸರು ಬದಲಾಗುತ್ತದೆ. ಆರು ತಿಂಗಳಲ್ಲಿ ಮಾತು ಮರೆಯುತ್ತದೆ. ರೊಟ್ಟಿ ಬಡಿಯುವ ಸದ್ದು, ಕರೆದ ಅಡ್ಡಹೆಸರು, ಜಾತ್ರೆಯಲ್ಲಿ ತಪ್ಪಿಸಿಕೊಂಡು ಅತ್ತ ದಿನ, ಇವೆಲ್ಲ ಆ ಮಗುವಿನ ಪಾಲಿನ ಸಂಸ್ಕೃತಿ. ಇದನ್ನು ನೆನಪಿಟ್ಟುಕೊಂಡು ಹೇಳಬಲ್ಲ ವ್ಯಕ್ತಿ ಜಗತ್ತಿನಲ್ಲಿ ಹೆಚ್ಚಾಗಿ ಒಬ್ಬಳೇ ಇರುತ್ತಾಳೆ: ಆ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ. ಇಬ್ಬರೂ ಒಂದೇ ಮನೆಗೆ ಹೋದರೆ ಅವರ ಭಾಷೆಯೂ ಜೊತೆಯಲ್ಲಿ ಹೋಗುತ್ತದೆ. ಒಬ್ಬಳನ್ನು ಬಿಟ್ಟು ಒಬ್ಬನನ್ನು ಕಳಿಸಿದಾಗ ಕಳೆದುಹೋದದ್ದನ್ನು ಯಾವ ಶಿಬಿರವೂ ತುಂಬಿಕೊಡಲಾರದು.

ಒಡಹುಟ್ಟಿದ ಮಕ್ಕಳನ್ನು ಸಾಧ್ಯವಾದಷ್ಟೂ ಒಟ್ಟಿಗೇ ದತ್ತು ನೀಡಬೇಕೆಂಬುದು ಈಗಿನ ವ್ಯವಸ್ಥೆಯ ಒಪ್ಪಿತ ನಿಲುವು. ಆದರೆ ಅರ್ಜಿದಾರರಲ್ಲಿ ಹೆಚ್ಚಿನವರು ಬಯಸುವುದು ಒಂದೇ ಮಗುವನ್ನು, ಅದೂ ಎಳೆಯ ಕೂಸನ್ನು. ಎರಡು ವರ್ಷದ ತಮ್ಮನಿಗೆ ಬೇಡಿಕೆಯಿದೆ, ಹತ್ತು ವರ್ಷದ ಅಕ್ಕನಿಗೆ ಇಲ್ಲ. (ಮಕ್ಕಳ ವಿಷಯದಲ್ಲಿ ಬೇಡಿಕೆ ಎಂಬ ಪದ ಬಳಸಲು ಅರ್ಥಶಾಸ್ತ್ರ ಓದಿದ ನನಗೂ ಮುಜುಗರವೇ. ಆದರೂ ನಡೆಯುವುದು ಅದೇ.) ಕಿರಿಯನಾದರೂ ಮನೆ ಕಾಣಲಿ ಎಂದು ಬೇರ್ಪಡಿಸುವುದು ಕೆಲವೊಮ್ಮೆ ಅನಿವಾರ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪವಿರುವುದು ಬೇರ್ಪಡಿಸಿದ ನಂತರದ ಮೌನಕ್ಕೆ.

ಅಮೆರಿಕದ 2008ರ ಕಾಯ್ದೆಯೊಂದು ಸರ್ಕಾರದ ಪಾಲನೆಯಲ್ಲಿರುವ ಒಡಹುಟ್ಟಿದವರನ್ನು ಒಟ್ಟಿಗಿರಿಸಲು ರಾಜ್ಯಗಳು ಯತ್ನಿಸಬೇಕು, ಆಗದಿದ್ದರೆ ಅವರ ಭೇಟಿಗಾದರೂ ಏರ್ಪಾಡು ಮಾಡಬೇಕು ಎನ್ನುತ್ತದೆ. ನಮ್ಮ 2022ರ ದತ್ತು ನಿಯಮಾವಳಿಯಲ್ಲಿ ‘ಮೂಲ ಶೋಧ’ಕ್ಕೆ ಅವಕಾಶವಿದೆ. ಆದರೆ ಹುಡುಕುವ ಹಕ್ಕಿರುವುದು ದತ್ತು ಹೋದವರಿಗೆ: ಹದಿನೆಂಟು ತುಂಬಿದ್ದರೆ ಸ್ವತಂತ್ರವಾಗಿ, ಇಲ್ಲದಿದ್ದರೆ ದತ್ತು ತಂದೆತಾಯಿಯ ಜೊತೆಗೂಡಿ. ಮೂರನೆಯವರಿಗೆ ಅವಕಾಶವಿಲ್ಲ. ಬಾಲಮಂದಿರದಲ್ಲೇ ಉಳಿದು ಬೆಳೆದ ಅಕ್ಕ ಈ ನಿಯಮದ ಕಣ್ಣಿಗೆ ಮೂರನೆಯವಳು!

ಕುಂತಿಯ ಗುಟ್ಟು ಕರ್ಣನಿಗೆ ತಿಳಿದದ್ದು ಯುದ್ಧ ಗೊತ್ತಾದ ಮೇಲೆ. ತಮ್ಮಂದಿರು ಸಿಕ್ಕಾಗ ಅವರೊಡನೆ ಕೂಡಿ ಬಾಳಲು ಕಾಲ ಉಳಿದಿರಲಿಲ್ಲ. ಆದರೂ ಅವನು ರಾಧೆಯ ಮಗನಾಗಿಯೇ ಉಳಿಯಲು ಬಯಸಿದ. ಹುಟ್ಟಿನ ಸುದ್ದಿ ತಿಳಿದರೆ ಮಗು ಕೈತಪ್ಪೀತು ಎಂದು ಅಂಜುವ ದತ್ತು ತಂದೆತಾಯಂದಿರು ಕಥೆಯ ಈ ಭಾಗವನ್ನೂ ನೆನೆಯಬೇಕು. ಅವರ ಅಂಜಿಕೆ ಸುಳ್ಳೇನಲ್ಲ. ಹಿಂದಿನ ಮನೆಯವರು ಹಣಕ್ಕೆ ಪೀಡಿಸಬಹುದು, ಹಿಂಸೆಯಿಂದ ಪಾರಾಗಿ ಬಂದ ಮಗುವಿಗೆ ಹಳೆಯ ನಂಟು ಅಪಾಯಕರವೂ ಆಗಬಹುದು. ಹೀಗಾಗಿ ವಿಳಾಸವನ್ನು ಕೈಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ವರ್ಷಕ್ಕೊಂದು ಪತ್ರ, ಒಂದು ಭಾವಚಿತ್ರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ, ಎರಡೂ ಕಡೆಯ ಒಪ್ಪಿಗೆಯಿಂದ ಹೋಗಿಬರಲು ಅಡ್ಡಿಯೇನು? ಪತ್ರ ಬರೆದ ಮಾತ್ರಕ್ಕೆ ಯಾರಿಗೂ ಆಸ್ತಿಯ ಹಕ್ಕು ಹುಟ್ಟುವುದಿಲ್ಲ.

ದಾಖಲೆಯೇ ಇಲ್ಲದಿದ್ದರೆ ಇದಾವುದೂ ಸಾಧ್ಯವಿಲ್ಲ. ಭಾರತ 2003ರಲ್ಲಿ ಅನುಮೋದಿಸಿದ ಹೇಗ್ ಒಪ್ಪಂದ ಅಂತರದೇಶೀಯ ದತ್ತಿನಲ್ಲಿ ಮಗುವಿನ ಮೂಲದ ಮಾಹಿತಿ ಕಾಪಾಡಬೇಕೆನ್ನುತ್ತದೆ. ಕಾಪಾಡದಿದ್ದರೆ ಆಗುವುದೇನೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ಕಾಗದದಲ್ಲಿ ತೋರಿಸಿ ವಿದೇಶಕ್ಕೆ ಕಳಿಸಲಾಗಿತ್ತು ಎಂದು ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2025ರ ಮಾರ್ಚ್‌ನಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಕ್ಷಮೆ ಕೋರಿದರು. ನಡುವಯಸ್ಸು ದಾಟಿದ ಎಷ್ಟೋ ಮಂದಿ ಇಂದಿಗೂ ತಮ್ಮ ಒಡಹುಟ್ಟಿದವರನ್ನು ಡಿಎನ್‌ಎ ಪರೀಕ್ಷೆಗಳಲ್ಲಿ ಹುಡುಕುತ್ತಿದ್ದಾರೆ.

ನಮ್ಮಲ್ಲಿ 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ನನ್ನ ನಂತರದ ತಲೆಮಾರಿನ ಅಧಿಕಾರಿಗಳು ಈಗ ಆ ಸಹಿ ಹಾಕುತ್ತಿದ್ದಾರೆ. ಒಡಹುಟ್ಟಿದವರು ಇದ್ದಾರೆಯೇ, ಇದ್ದರೆ ಎಲ್ಲಿ, ಯಾವ ಕಾರಣಕ್ಕೆ ಬೇರ್ಪಡಿಸಲಾಯಿತು ಎಂಬ ವಿವರ ಪ್ರತಿಯೊಂದು ಆದೇಶದಲ್ಲೂ ಕಡ್ಡಾಯವಾಗಿ ದಾಖಲಾಗಬೇಕು. ಹಿಂದುಳಿದ ಅಕ್ಕನಿಗೂ ಮೂಲ ಶೋಧದ ಅರ್ಜಿ ಹಾಕುವ ಹಕ್ಕು ಸಿಗಬೇಕು. ಇದಕ್ಕೆ ಕಾಯ್ದೆಯನ್ನೇ ತಿದ್ದಬೇಕೆಂದಿಲ್ಲ, ನಿಯಮಾವಳಿಗೆ ತಿದ್ದುಪಡಿ ತಂದರೆ ಸಾಕು. ನಾನು ಮುಕ್ತಾಯಗೊಳಿಸಿದ ಆ ಕಡತದ ಬಾಲಕಿಗೆ ಈಗ ನಲವತ್ತರ ಹತ್ತಿರ ವಯಸ್ಸಾಗಿರಬೇಕು. ಆಕೆ ಮತ್ತೆ ಅರ್ಜಿ ಬರೆದರೆ ಅದನ್ನು ಸ್ವೀಕರಿಸುವ ಕಚೇರಿ ಯಾವುದೆಂದು ನನಗೆ ಇಂದಿಗೂ ಹೇಳಲಾಗದು.